ಆಟದ ರೈಲು ಓಡದಿದ್ದರೆ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ರಸ್ತೆಯಲ್ಲಿ ರಾಮನಗರ ದಾಟಿ ಚನ್ನಪಟ್ಟಣ ಹತ್ತಿರವಾದಂತೆ ಗೊಂಬೆ ಅಂಗಡಿಗಳ ಸಾಲು ಶುರುವಾಗುತ್ತದೆ. ತೂಗುಕುದುರೆ, ಬುಗುರಿ, ಗಿಲಕಿ, ತಲೆಯಾಡಿಸುವ ಬೊಂಬೆ. ಇವುಗಳ ನಡುವೆ ಕೆಂಪು ಹಳದಿ ಬಣ್ಣದ ಒಂದು ಇಂಜಿನ್ನು, ಅದರ ಹಿಂದೆ ಎರಡೋ ಮೂರೋ ಡಬ್ಬಿ, ಮುಂದೆ ಒಂದು ದಾರ. ಮನೆಗೆ ಬಂದ ಹೊಸದರಲ್ಲಿ ಈ ಮರದ ರೈಲು ಪಡಸಾಲೆಯಿಂದ ಅಡುಗೆಮನೆಗೆ ದಿನಕ್ಕೆ ಹತ್ತಾರು ಸಲ ಓಡಾಡುತ್ತದೆ. ಆಮೇಲೆ ಒಂದು ದಿನ, ಹೆಚ್ಚಾಗಿ ಮಳೆಗಾಲದಲ್ಲಿ, ಗಾಲಿ ತಿರುಗುವುದನ್ನು ನಿಲ್ಲಿಸುತ್ತದೆ. ಎಳೆದರೆ ನೆಲದ ಮೇಲೆ ಜಾರಿಕೊಂಡು ಬರುತ್ತದೆ, ಜೋರಾಗಿ ಎಳೆದರೆ ಮಗ್ಗುಲಿಗೆ ಉರುಳುತ್ತದೆ. ಮಗು ರಚ್ಚೆ ಹಿಡಿಯುತ್ತದೆ. ಮನೆಯವರು ಅದನ್ನು ಒರೆಸಿ ಷೋಕೇಸಿಗೆ ಏರಿಸುತ್ತಾರೆ.

ಷೋಕೇಸು ಆಟಿಕೆಯ ಜಾಗವಲ್ಲ. ಹಾಗೆ ನಿಂತುಹೋದ ರೈಲಿನಲ್ಲಿ ಕೆಟ್ಟಿರುವುದು ಸಾಮಾನ್ಯವಾಗಿ ಒಂದೇ ಒಂದು ಕಡೆ, ಅದೂ ಬೆರಳಗಲದ ಜಾಗದಲ್ಲಿ. ಅದನ್ನು ಹುಡುಕುವುದು ಹೇಗೆ, ಸರಿಪಡಿಸುವುದು ಹೇಗೆ ಎಂಬುದೇ ಇವತ್ತಿನ ಮಾತು.

ಈ ಸೀಮೆಗೂ ರೈಲಿಗೂ ಹಳೆಯ ನಂಟು. 1876ರಿಂದ 78ರವರೆಗಿನ ಭೀಕರ ಬರಗಾಲದ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿ ಕೈಗೆತ್ತಿಕೊಂಡ ಬೆಂಗಳೂರು–ಮೈಸೂರು ಮೀಟರ್ ಗೇಜ್ ಹಳಿ 1881–82ರಲ್ಲಿ ಹಂತಹಂತವಾಗಿ ಸಂಚಾರಕ್ಕೆ ತೆರೆಯಿತು. ಆಗ ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ರಾಮನಗರಕ್ಕೂ ಚನ್ನಪಟ್ಟಣಕ್ಕೂ ಉಗಿಬಂಡಿ ಬಂದದ್ದು ಹೀಗೆ. ಮಾಗಡಿಗೆ ಮತ್ತು ಕನಕಪುರಕ್ಕೆ ಮಾತ್ರ ಇವತ್ತಿಗೂ ರೈಲು ನಿಲ್ದಾಣವಿಲ್ಲ. ಹೆಜ್ಜಾಲದಿಂದ ಕನಕಪುರದ ಮೇಲೆ ಚಾಮರಾಜನಗರಕ್ಕೆ ಹೋಗಬೇಕಾದ ಮಾರ್ಗ ದಶಕಗಳಿಂದ ಕಾಗದದಲ್ಲೇ ಉಳಿದಿದೆ. ಆ ಎರಡು ಊರಿನ ಎಷ್ಟೋ ಮಕ್ಕಳಿಗೆ ಮೊದಲ ರೈಲು ಎಂದರೆ ಆಟದ ರೈಲೇ. ಅದು ಓಡಬೇಕು ಎಂದು ಬಯಸುವುದಕ್ಕೆ ಇಷ್ಟು ಕಾರಣ ಸಾಕು.

ಯಾವ ರೈಲೇ ಆಗಲಿ, ನಿಂತಾಗ ಮೊದಲು ಮಾಡಬೇಕಾದ್ದು ಸ್ಕ್ರೂ ಡ್ರೈವರ್ ಹುಡುಕುವುದಲ್ಲ. ಬಲ ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ಹೊರಗೆ ಹೋಗುತ್ತದೆ ಎಂದು ನೋಡಿಕೊಂಡು ಆ ದಾರಿಯಲ್ಲೇ ಒಂದೊಂದಾಗಿ ಪರೀಕ್ಷಿಸುವುದು. ಮರದ ರೈಲಿನಲ್ಲಿ ಈ ದಾರಿ ಚಿಕ್ಕದು: ಕೈಯಿಂದ ದಾರಕ್ಕೆ, ದಾರದಿಂದ ಇಂಜಿನ್ನಿನ ಒಡಲಿಗೆ, ಒಡಲಿನಿಂದ ಅಚ್ಚಿಗೆ, ಅಚ್ಚಿನಿಂದ ಗಾಲಿಗೆ, ಗಾಲಿಯಿಂದ ನೆಲಕ್ಕೆ. ವಿದ್ಯುತ್ ರೈಲಿನಲ್ಲಿ ಸ್ವಲ್ಪ ಉದ್ದ: ಪ್ಲಗ್ಗು, ಟ್ರಾನ್ಸ್‌ಫಾರ್ಮರ್, ಹಳಿ, ಗಾಲಿ, ಮೋಟಾರು, ಹಲ್ಲುಗಾಲಿ, ಮತ್ತೆ ಗಾಲಿ. ಈ ಕ್ರಮ ಬಿಟ್ಟು ಎಲ್ಲವನ್ನೂ ಒಟ್ಟಿಗೆ ಬಿಚ್ಚಿದರೆ ತೊಂದರೆ ಎಲ್ಲಿತ್ತೆಂದು ಕೊನೆಗೂ ತಿಳಿಯುವುದಿಲ್ಲ. ಸರಿಯಿದ್ದ ಭಾಗವೂ ಕೆಡುತ್ತದೆ.

ಮರದ ರೈಲನ್ನು ಮೊದಲು ನೋಡೋಣ. ಅದನ್ನು ಅಂಗಾತ ಮಲಗಿಸಿ ಒಂದೊಂದು ಗಾಲಿಯನ್ನೂ ಬೆರಳಿನಿಂದ ಚಿಮ್ಮಿ ನೋಡಬೇಕು. ಸರಿಯಿರುವ ಗಾಲಿ ನಾಲ್ಕಾರು ಸುತ್ತು ತಿರುಗಿ ನಿಲ್ಲುತ್ತದೆ. ಹಿಡಿದುಕೊಂಡಿರುವ ಗಾಲಿ ಅರ್ಧ ಸುತ್ತಿಗೇ ನಿಂತುಬಿಡುತ್ತದೆ. ಅಲ್ಲಿಗೆ ಜಾಗ ಗೊತ್ತಾಯಿತು. ಈಗ ಸೂಜಿಯೊಂದನ್ನು ತೆಗೆದುಕೊಂಡು ಗಾಲಿ ಮತ್ತು ಒಡಲಿನ ನಡುವಿನ ಸಂದಿಯನ್ನು ಕೆದಕಬೇಕು. ತಲೆಗೂದಲು, ಜಮಖಾನದ ನೂಲು, ಸೀರೆಯ ಎಳೆ ಅಚ್ಚಿಗೆ ಸುತ್ತಿಕೊಂಡು ಬಿಗಿಯಾಗಿ ಕೂತಿರುತ್ತವೆ. ಎಷ್ಟೋ ರೈಲುಗಳ ಕಾಯಿಲೆ ಇಷ್ಟೇ. ಎಳೆಯನ್ನು ಕತ್ತರಿಸಿ ತೆಗೆದರೆ ಗಾಲಿ ತಿರುಗುತ್ತದೆ.

ತಿರುಗಲಿಲ್ಲವೆಂದರೆ ಮರದ ಸ್ವಭಾವಕ್ಕೆ ಬರಬೇಕು. ಚನ್ನಪಟ್ಟಣದ ಗೊಂಬೆಗೆ ಹೆಸರು ತಂದುಕೊಟ್ಟ ಮರ ಆಲೆ ಮರ. ಕೆಲವರು ಹಾಲೆ ಎನ್ನುತ್ತಾರೆ, ಕಡಿದರೆ ಹಾಲು ಒಸರುವ ಗಿಡ. ಬಿಳಿ ಬಣ್ಣ, ಒತ್ತೊತ್ತಾದ ಎಳೆ, ಉಳಿಗೆ ಸುಲಭವಾಗಿ ಒಗ್ಗುವ ಮೆದುತನ. ಇದರ ಜೊತೆಗೆ ಈಗ ರಬ್ಬರ್ ಮರವೂ ಬಳಕೆಯಲ್ಲಿದೆ. ಯಾವ ಮರವಾದರೂ ಗಾಳಿಯ ತೇವ ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಆದರೆ ಎಲ್ಲ ದಿಕ್ಕಿಗೂ ಒಂದೇ ಸಮನಲ್ಲ. ಎಳೆಯ ಉದ್ದಕ್ಕೆ ಮರ ಉಬ್ಬುವುದು ಇಲ್ಲವೆನ್ನುವಷ್ಟು ಕಡಿಮೆ. ಎಳೆಗೆ ಅಡ್ಡಲಾಗಿ ಉಬ್ಬುವುದು ಚೆನ್ನಾಗಿಯೇ ಅಳತೆಗೆ ಸಿಗುತ್ತದೆ.

ಇಂಜಿನ್ನಿನ ಒಡಲನ್ನು ಗಮನಿಸಿ. ಮರದ ಎಳೆ ರೈಲಿನ ಉದ್ದಕ್ಕೆ, ಮುಂದಿನಿಂದ ಹಿಂದಕ್ಕೆ ಹರಿದಿರುತ್ತದೆ. ಅಚ್ಚು ಹೋಗುವ ತೂತು ಅದಕ್ಕೆ ಅಡ್ಡಲಾಗಿ ಕೊರೆದದ್ದು. ಮಳೆಗಾಲದಲ್ಲಿ ಈ ತೂತು ಮೇಲೆ ಕೆಳಗೆ ಕೊಂಚ ಹಿಗ್ಗುತ್ತದೆ, ಮುಂದೆ ಹಿಂದೆ ಹಿಗ್ಗುವುದಿಲ್ಲ. ತೂತಿನೊಳಗಿನ ಅಚ್ಚಿನ ಕಡ್ಡಿಯಲ್ಲಿ ಎಳೆ ಅದರ ಉದ್ದಕ್ಕೆ ಇರುವುದರಿಂದ ಅದು ಸುತ್ತಲೂ ದಪ್ಪವಾಗುತ್ತದೆ. ಹಾಗಾಗಿ ತೂತಿನ ಮುಂಗೋಡೆ ಮತ್ತು ಹಿಂಗೋಡೆ ಅಚ್ಚನ್ನು ಕಚ್ಚಿ ಹಿಡಿಯುತ್ತವೆ. ಬರಿಗಣ್ಣಿಗೆ ಏನೂ ಕಾಣುವುದಿಲ್ಲ, ಕೂದಲೆಳೆಯಷ್ಟು ಸಂದು ಮುಚ್ಚಿರುತ್ತದೆ, ಅಷ್ಟೆ. ಮರವನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ನೆರಳಿನಲ್ಲಿ ಒಣಗಿಸಿ ಆಮೇಲೆ ಕಡೆಯುವುದು ಇದೇ ಕಾರಣಕ್ಕೆ. ಆತುರದಲ್ಲಿ ಹಸಿ ಮರ ಕಡೆದ ಆಟಿಕೆ ಮೊದಲ ವರ್ಷದಲ್ಲೇ ತನ್ನ ಅಳತೆ ಬದಲಿಸಿಕೊಳ್ಳುತ್ತದೆ.

ಇದಕ್ಕೆ ಮದ್ದು ಎರಡು. ಮೊದಲನೆಯದು ತಾಳ್ಮೆ: ರೈಲನ್ನು ಗಾಳಿಯಾಡುವ ನೆರಳಿನಲ್ಲಿ ಕೆಲವು ದಿನ ಇಡುವುದು. ಅಷ್ಟಕ್ಕೂ ಬಗ್ಗದಿದ್ದರೆ, ಅಚ್ಚನ್ನು ಹೊರಗೆ ಎಳೆಯಲು ಬರುವಂತಿದ್ದರೆ, ಸಣ್ಣ ಕಡ್ಡಿಗೆ ನಯವಾದ ಮರಳುಕಾಗದ ಸುತ್ತಿ ತೂತಿನ ಮುಂದಿನ ಮತ್ತು ಹಿಂದಿನ ಗೋಡೆಯನ್ನು ಮಾತ್ರ ಹಗುರವಾಗಿ ಉಜ್ಜುವುದು. ಮೇಲೆ ಕೆಳಗೆ ಉಜ್ಜಬಾರದು. ಅಲ್ಲಿ ಸಂದು ಈಗಾಗಲೇ ಇದೆ, ಇನ್ನೂ ಹಿಗ್ಗಿದರೆ ರೈಲು ಕುಂಟುತ್ತದೆ. ಅಚ್ಚು ಎರಡೂ ಗಾಲಿಗೆ ಅಂಟಿಕೊಂಡಿದ್ದರೆ ಕೀಳುವ ಸಾಹಸ ಬೇಡ. ಮೇಣದಬತ್ತಿಯ ಹೆರೆ ಸ್ವಲ್ಪ ಸಂದಿಗೆ ತುಂಬಿ ಗಾಲಿಯನ್ನು ಹಿಂದೆ ಮುಂದೆ ತಿರುಗಿಸಿದರೆ ಬಹಳಷ್ಟು ಸಲ ಬಿಟ್ಟುಕೊಳ್ಳುತ್ತದೆ.

ಕೊಬ್ಬರಿ ಎಣ್ಣೆ ಮಾತ್ರ ಖಂಡಿತ ಬೇಡ. ನಮ್ಮ ಮನೆಗಳಲ್ಲಿ ಕಿರುಗುಟ್ಟುವ ಬಾಗಿಲಿನಿಂದ ಹಿಡಿದು ಹೊಲಿಗೆ ಯಂತ್ರದವರೆಗೆ ಎಲ್ಲದಕ್ಕೂ ಮೊದಲು ಕೈ ಹೋಗುವುದು ಅದೇ ಶೀಶೆಗೆ. ಎಣ್ಣೆ ಮರದೊಳಗೆ ಇಳಿದು ಧೂಳು ಹಿಡಿದು ಜಿಡ್ಡಾಗುತ್ತದೆ. ಡಿಸೆಂಬರಿನ ಬೆಳಗ್ಗೆ ರಾಮನಗರದ ಚಳಿಗೆ ಶೀಶೆಯಲ್ಲೇ ಗಟ್ಟಿಯಾಗುವ ಎಣ್ಣೆ ಅಚ್ಚಿನ ಸಂದಿಯಲ್ಲೂ ಗಟ್ಟಿಯಾಗುತ್ತದೆ.

ಇನ್ನು ಕೆಲವು ರೈಲುಗಳಲ್ಲಿ ಅಚ್ಚು ತಿರುಗುವುದೇ ಇಲ್ಲ. ಗಾಲಿಯ ನಡುವೆ ಒಂದು ಮರದ ಗೂಟ ತೂರಿಸಿ ಒಡಲಿಗೆ ಬಡಿದಿರುತ್ತಾರೆ, ಗಾಲಿ ಗೂಟದ ಸುತ್ತ ಸುತ್ತುತ್ತದೆ. ಮಗು ರೈಲನ್ನು ಗೋಡೆಗೆ ಗುದ್ದಿಸಿದಾಗ ಗೂಟ ಒಳಗೆ ಸರಿದು ಗಾಲಿ ಒಡಲಿಗೆ ಒತ್ತಿಕೊಳ್ಳುತ್ತದೆ. ಗೂಟವನ್ನು ಮೆಲ್ಲಗೆ ಹೊರಗೆಳೆದು, ನಡುವೆ ಒಂದು ವಿಸಿಟಿಂಗ್ ಕಾರ್ಡು ಆಡುವಷ್ಟು ಸಂದು ಬಿಟ್ಟು, ಗೂಟದ ತುದಿಗೆ ಮರದ ಅಂಟು ಹಾಕಿ ಒಣಗಲು ಬಿಡಬೇಕು. ಗಾಲಿಗೆ ಅಂಟು ತಾಗದಂತೆ ಆ ಕಾರ್ಡನ್ನು ಅಲ್ಲೇ ಇಟ್ಟಿರಬೇಕು.

ಈಗ ಬಣ್ಣದ ವಿಷಯ. ಚನ್ನಪಟ್ಟಣದ ಕಲಾನಗರದಲ್ಲೋ ನೀಲಸಂದ್ರದಲ್ಲೋ ಒಂದು ಲೇತ್ ಮುಂದೆ ಸ್ವಲ್ಪ ಹೊತ್ತು ನಿಂತವರಿಗೆ ಇದು ಚೆನ್ನಾಗಿ ಗೊತ್ತು. ಕಡೆದು ನಯ ಮಾಡಿದ ಮರದ ತುಂಡು ರಭಸವಾಗಿ ತಿರುಗುತ್ತಿರುತ್ತದೆ. ಕುಶಲಕರ್ಮಿ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಮೊದಲು ಮಚ್ಚೆ ಮಚ್ಚೆಯಾಗಿ ಕಾಣುತ್ತದೆ. ಆಮೇಲೆ ಒಣಗಿದ ತಾಳೆಗರಿಯನ್ನು ಒತ್ತಿ ಅತ್ತಿತ್ತ ಸರಿಸಿದಾಗ ಬಣ್ಣ ಒಂದೇ ಸಮನಾಗಿ ಹರಡಿ ಹೊಳಪು ಏರುತ್ತದೆ. ಕುಂಚವಿಲ್ಲ, ವಾರ್ನಿಷ್ ಇಲ್ಲ. ಅರಿಸಿನದಿಂದ ಹಳದಿ, ನೀಲಿ ಗಿಡದಿಂದ ನೀಲಿ, ಕಾಚಿನಿಂದ ಕಂದು, ಹೀಗೆ ಸಸ್ಯಮೂಲದ ಬಣ್ಣ ಬಳಸುವ ಕಾರ್ಯಾಗಾರಗಳೂ ಇವೆ. ಈ ಕೆಲಸ ಟಿಪ್ಪು ಸುಲ್ತಾನನ ಕಾಲಕ್ಕೆ ಪರ್ಷಿಯಾದ ಕಡೆಯಿಂದ ಬಂತೆಂದು ಊರಿನವರು ಹೇಳುತ್ತಾರೆ. ಅದಕ್ಕೆ ಹೊಸ ರೂಪ ಕೊಟ್ಟ ಬಾವಾಸ್ ಮಿಯಾ ಅವರನ್ನು ಇಂದಿಗೂ ಗೌರವದಿಂದ ನೆನೆಯುತ್ತಾರೆ. 2005–06ನೇ ಸಾಲಿನಲ್ಲಿ ಚನ್ನಪಟ್ಟಣದ ಆಟಿಕೆ ಮತ್ತು ಗೊಂಬೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರಕಿತು.

ಬಿಸಿಗೆ ಕರಗಿ ಹತ್ತಿದ ಅರಗು ಬಿಸಿಗೆ ಮತ್ತೆ ಮೆತ್ತಗಾಗುತ್ತದೆ ಎಂಬುದನ್ನು ರಿಪೇರಿ ಮಾಡುವವರು ಮರೆಯಬಾರದು. ಬೇಸಗೆಯಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟ ರೈಲಿನಲ್ಲಿ ಗಾಲಿಯ ಅರಗು ಒಡಲಿಗೆ ಅಂಟಿಕೊಳ್ಳಬಹುದು. ಆದ್ದರಿಂದ ತೇವ ಹಿಡಿದ ರೈಲನ್ನು ಒಣಗಿಸಲು ಸುಡುಬಿಸಿಲಿಗೆ ಇಡುವುದು, ಹೇರ್ ಡ್ರೈಯರ್ ಹಿಡಿಯುವುದು ಎರಡೂ ತಪ್ಪು. ಇನ್ನೂ ದೊಡ್ಡ ಅಪಾಯ ಸ್ಪಿರಿಟ್ಟಿನದು. ಅರಗು ನೀರಿಗೆ ಕರಗದು, ಆದರೆ ಆಲ್ಕೋಹಾಲಿಗೆ ಕರಗುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಬಟ್ಟೆಗೆ ಸುರಿದು ಮರದ ರೈಲು ಒರೆಸಿದರೆ ಬಣ್ಣ ಬಟ್ಟೆಗೆ ಬರುತ್ತದೆ, ಹೊಳಪು ಹೋಗಿ ಮೈ ಜಿಗುಟಾಗುತ್ತದೆ. ಕೊಂಚವೇ ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಒರೆಸಿ ಕೂಡಲೇ ಒಣಬಟ್ಟೆ ಆಡಿಸುವುದು ಸಾಕು. ನೀರಿನಲ್ಲಿ ನೆನೆಸಿ ತೊಳೆಯುವ ಆಟಿಕೆ ಇದಲ್ಲ.

ಗಾಲಿ ಬೆರಳಿಗೆ ಸಲೀಸಾಗಿ ತಿರುಗುತ್ತದೆ, ನೆಲದ ಮೇಲೆ ಇಟ್ಟರೆ ತಿರುಗುವುದಿಲ್ಲ. ಇದು ಇನ್ನೊಂದು ದೂರು. ಇಲ್ಲಿ ತಪ್ಪು ರೈಲಿನದಲ್ಲ, ನೆಲದ್ದು. ಗಾಲಿ ತಿರುಗಬೇಕಾದರೆ ನೆಲ ಅದನ್ನು ಹಿಡಿಯಬೇಕು. ಗಾರೆ ನೆಲದ ಮೇಲೆ ಚೆನ್ನಾಗಿ ಓಡಿದ ಅರಗಿನ ಗಾಲಿ ಈಗಿನ ಕನ್ನಡಿಯಂಥ ಟೈಲ್ಸ್ ಮೇಲೆ ಜಾರುತ್ತದೆ. ದೊಡ್ಡ ರೈಲಿಗೂ ಈ ತೊಂದರೆ ಉಂಟು. ಮಳೆಯಲ್ಲಿ, ಏರಿನಲ್ಲಿ ಇಂಜಿನ್ನಿನ ಉಕ್ಕಿನ ಗಾಲಿ ಜಾರಿದಾಗ ಹಳಿಯ ಮೇಲೆ ಮರಳು ಸುರಿಸುವ ಪೆಟ್ಟಿಗೆಯೇ ಇಂಜಿನ್ನುಗಳಲ್ಲಿ ಇರುತ್ತದೆ. ಆಟದ ರೈಲಿಗೆ ಗಾಲಿಯ ಅಂಚಿಗೆ ಸರಿಯಾಗಿ ಕೂರುವ ಒಂದು ರಬ್ಬರ್ ಉಂಗುರ, ಇಲ್ಲವೇ ಕೆಳಗೊಂದು ಚಾಪೆ ಸಾಕು. ದಾರ ಕಟ್ಟಿದ ಎತ್ತರವನ್ನೂ ನೋಡಬೇಕು. ಇಂಜಿನ್ನಿನ ನೆತ್ತಿಗೆ ಕಟ್ಟಿದರೆ ಎಳೆದಾಗ ಅದು ಮುಗ್ಗರಿಸುತ್ತದೆ. ಅಚ್ಚಿನ ಎತ್ತರಕ್ಕೆ ಕಟ್ಟಿದರೆ ನೆಟ್ಟಗೆ ಬರುತ್ತದೆ.

ಹಳಿಯ ಮೇಲೆ ಓಡುವ ಮರದ ರೈಲುಗಳೂ ಈಗ ಮನೆಗಳಿಗೆ ಬರುತ್ತಿವೆ. ಸ್ವೀಡನ್ನಿನ ಬ್ರಿಯೋ ಕಂಪನಿ 1958ರಲ್ಲಿ ಮರದ ಹಳಿಯ ರೈಲು ತಂದ ಮೇಲೆ ಆ ಮಾದರಿ ಲೋಕವೆಲ್ಲ ಹಬ್ಬಿತು. ಈ ಬಗೆಯ ರೈಲುಗಳಲ್ಲಿ ಡಬ್ಬಿಗಳನ್ನು ಜೋಡಿಸುವುದು ಆಯಸ್ಕಾಂತ. ಡಬ್ಬಿ ಕೂಡುವ ಬದಲು ಒಂದನ್ನೊಂದು ದೂಡುತ್ತಿದ್ದರೆ ಒಂದೇ ಜಾತಿಯ ಧ್ರುವಗಳು ಎದುರಾಗಿವೆ ಎಂದರ್ಥ. ಡಬ್ಬಿಯನ್ನು ಹಿಂದುಮುಂದಾಗಿ ತಿರುಗಿಸಿದರೆ ಆಯಿತು. ಆದರೆ ಒಂದು ಆಯಸ್ಕಾಂತ ಸಡಿಲವಾಗಿ ಕಳಚುವ ಹಾಗಿದ್ದರೆ ಆ ಡಬ್ಬಿಯನ್ನು ಅಂದೇ ಮಗುವಿನ ಕೈಯಿಂದ ತೆಗೆದುಕೊಳ್ಳಬೇಕು. ಎರಡು ಆಯಸ್ಕಾಂತ ನುಂಗಿದರೆ ಅವು ಕರುಳಿನೊಳಗೆ ಒಂದನ್ನೊಂದು ಸೆಳೆದು ಕರುಳನ್ನೇ ತೂತು ಮಾಡಬಲ್ಲವು. ಗುಂಡಿ ಆಕಾರದ ಬ್ಯಾಟರಿಯೂ ಅಷ್ಟೇ ಅಪಾಯ. ನುಂಗಿದ ಅನುಮಾನ ಬಂದರೆ ಕಾಯದೆ ಆಸ್ಪತ್ರೆಗೆ ಓಡಬೇಕು.

ಮಾಗಡಿ ತಿರುಮಲೆಯ ರಂಗನಾಥಸ್ವಾಮಿ ಜಾತ್ರೆಯಲ್ಲಾಗಲಿ, ಕನಕಪುರ ತಾಲ್ಲೂಕಿನ ಕಬ್ಬಾಳಮ್ಮನ ಜಾತ್ರೆಯಲ್ಲಾಗಲಿ ಮಕ್ಕಳು ಹಟ ಹಿಡಿಯುವುದು ದುಂಡನೆಯ ಪ್ಲಾಸ್ಟಿಕ್ ಹಳಿಯ ಮೇಲೆ ಸುತ್ತುವ ಬ್ಯಾಟರಿ ರೈಲಿಗೆ. ಅದು ನಿಂತಾಗ ಕಣ್ಣಿಗಿಂತ ಕಿವಿ ಹೆಚ್ಚು ಹೇಳುತ್ತದೆ. ಸ್ವಿಚ್ ಒತ್ತಿದಾಗ ಸದ್ದೇ ಇಲ್ಲವೆಂದರೆ ಮೋಟಾರಿಗೆ ವಿದ್ಯುತ್ ತಲುಪುತ್ತಿಲ್ಲ. ಗುಂಯ್ಯೆನ್ನುತ್ತಿದೆ, ಗಾಲಿ ತಿರುಗುತ್ತಿಲ್ಲ ಎಂದರೆ ಹಲ್ಲುಗಾಲಿಯ ತೊಂದರೆ. ಮೋಟಾರಿನ ಕಡ್ಡಿಗೆ ಸಿಕ್ಕಿಸಿದ ಚಿಕ್ಕ ಪ್ಲಾಸ್ಟಿಕ್ ಹಲ್ಲುಗಾಲಿ ಸೀಳಿ, ಕಡ್ಡಿ ಮಾತ್ರ ಒಳಗೆ ಸುತ್ತುತ್ತಿರುತ್ತದೆ. ಗಾಲಿಯೂ ತಿರುಗುತ್ತಿದೆ, ರೈಲು ಮಾತ್ರ ನಿಂತಲ್ಲೇ ಇದೆ ಎಂದರೆ ಗಾಲಿಯ ರಬ್ಬರ್ ಉಂಗುರ ಸವೆದಿದೆ ಅಥವಾ ಕಳಚಿಹೋಗಿದೆ.

ಸದ್ದಿಲ್ಲದ ರೈಲಿನ ಬ್ಯಾಟರಿ ಮುಚ್ಚಳ ತೆಗೆದು ನೋಡಿದರೆ ಎಷ್ಟೋ ಸಲ ತಗಡಿನ ಮೇಲೆ ಬಿಳಿ ಪುಡಿ ಕಾಣುತ್ತದೆ. ಆಲ್ಕಲೈನ್ ಬ್ಯಾಟರಿಯಿಂದ ಸೋರಿದ ಕ್ಷಾರ ಅದು. ಹಳೆಯ ಬ್ಯಾಟರಿ ತೆಗೆದು, ಹತ್ತಿಯ ತುದಿಗೆ ನಿಂಬೆರಸ ಅಥವಾ ವಿನಿಗರ್ ಅದ್ದಿ ತಗಡನ್ನು ಉಜ್ಜಿ, ಒದ್ದೆ ಹತ್ತಿಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಹೊಸದು ಹಾಕಬೇಕು. ಕೈ ತೊಳೆದುಕೊಳ್ಳಬೇಕು. ಬ್ಯಾಟರಿಗಳೆಲ್ಲ ಒಂದೇ ಬಗೆಯವು, ಒಂದೇ ವಯಸ್ಸಿನವು ಇರಬೇಕು. ಚಾರ್ಜ್ ಮಾಡುವ ಬ್ಯಾಟರಿ ಸಾಮಾನ್ಯವಾಗಿ 1.5 ವೋಲ್ಟ್ ಅಲ್ಲ, 1.2 ವೋಲ್ಟ್ ಕೊಡುವಂಥದ್ದು. ಎರಡು ಹಾಕಿದರೆ 3ರ ಬದಲು 2.4 ವೋಲ್ಟ್. ಅದರಿಂದ ರೈಲು ನಿಧಾನವಾದರೆ ಅದು ಕೆಟ್ಟಿದೆ ಎಂದಲ್ಲ.

ಹಳಿಯಿಂದಲೇ ವಿದ್ಯುತ್ ಪಡೆಯುವ ಮಾದರಿ ರೈಲು ಹವ್ಯಾಸಿಗಳ ಪ್ರೀತಿಯ ವಸ್ತು. ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರಲ್ಲಿ ಆಟದ ಹಳಿಗಳಿಗೆ ಗೊತ್ತಾದ ಅಳತೆಗಳನ್ನು ತಂದಿತು. ಇಂಗ್ಲೆಂಡಿನ ಫ್ರಾಂಕ್ ಹಾರ್ನ್‌ಬಿ 1920ರಲ್ಲಿ ಕೀಲಿ ಕೊಡುವ ರೈಲನ್ನು ಮಾರುಕಟ್ಟೆಗೆ ಬಿಟ್ಟರು. ಇಂದು ಹೆಚ್ಚು ಬಳಕೆಯಲ್ಲಿರುವ ಎಚ್‌ಓ ಅಳತೆಯಲ್ಲಿ ನಿಜದ 87ರಲ್ಲಿ ಒಂದು ಭಾಗದಷ್ಟು ಅಳತೆಯ ರೈಲು 16.5 ಮಿಲಿಮೀಟರ್ ಅಗಲದ ಹಳಿಯ ಮೇಲೆ ಓಡುತ್ತದೆ. ಮಾಮೂಲಿ ಸೆಟ್ಟುಗಳಲ್ಲಿ ಹಳಿಗೆ ಸಿಗುವುದು 12 ವೋಲ್ಟ್‌ವರೆಗಿನ ನೇರ ವಿದ್ಯುತ್. ಒಂದು ಹಳಿಯಿಂದ ಗಾಲಿಯ ಮೂಲಕ ಮೋಟಾರಿಗೆ ಹೋಗಿ, ಇನ್ನೊಂದು ಗಾಲಿಯ ಮೂಲಕ ಮತ್ತೊಂದು ಹಳಿಗೆ ಮರಳುತ್ತದೆ. ಈ ದಾರಿಯಲ್ಲಿ ತೆಳುವಾದ ಕೊಳೆಯ ಪದರ ಬಂದರೂ ರೈಲು ನಿಲ್ಲುತ್ತದೆ.

ಎಲ್ಲಿ ನಿಲ್ಲುತ್ತದೆ ಎಂಬುದರಲ್ಲೇ ಉತ್ತರವಿದೆ. ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ನಿಂತರೆ ದೋಷ ಆ ಹಳಿಯದು. ಎರಡು ತುಂಡುಗಳನ್ನು ಕೂಡಿಸುವ ತಗಡು ಸಡಿಲವಾಗಿರುತ್ತದೆ, ಇಕ್ಕುಳದಿಂದ ಮೆಲ್ಲಗೆ ಒತ್ತಿದರೆ ಬಿಗಿಯಾಗುತ್ತದೆ. ಎಲ್ಲೆಂದರಲ್ಲಿ ನಿಂತು, ಬೆರಳಿನಿಂದ ತಳ್ಳಿದರೆ ಮತ್ತೆ ಓಡಿದರೆ ಇಂಜಿನ್ನಿನ ಗಾಲಿಗೆ ಕೊಳೆ ಹಿಡಿದಿದೆ. ಎಲ್ಲಿಯೂ ಅಲುಗದಿದ್ದರೆ ಮೊದಲು ಹಳಿಗಳ ಮೇಲೆ ಅಡ್ಡವಾಗಿ ಹೇರ್‌ಪಿನ್ನೋ ಗುಂಡುಸೂಜಿಯೋ ಬಿದ್ದಿದೆಯೇ ನೋಡಬೇಕು. ಎರಡು ಹಳಿಗೂ ತಾಗಿದ ಒಂದು ಪಿನ್ನು ಇಡೀ ವ್ಯವಸ್ಥೆಯನ್ನು ಶಾರ್ಟ್ ಮಾಡುತ್ತದೆ. ಹಳಿಯನ್ನು ಬಳಸಿಕೊಂಡು ಮರಳಿ ಅದೇ ಹಳಿಗೆ ಕೂಡುವ ಕುಣಿಕೆ ಹಾಕಿದರೂ ಹಾಗೆಯೇ, ಬಲಹಳಿ ಎಡಹಳಿಗೆ ಸೇರಿಬಿಡುತ್ತದೆ. ಮಲ್ಟಿಮೀಟರ್ ಇದ್ದರೆ ಹಳಿಯ ಮೇಲೆ ಹಿಡಿದು ವೋಲ್ಟ್ ಬರುತ್ತಿದೆಯೇ ಎಂದು ನೋಡುವುದು ಕ್ಷಣದ ಕೆಲಸ. ಹಳಿ ಮತ್ತು ಲೋಹದ ಗಾಲಿಗಳನ್ನು ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆ ಒಳ್ಳೆಯದು. ಮರದ ರೈಲಿಗೆ ವೈರಿಯಾದದ್ದು ಇಲ್ಲಿ ಉಪಕಾರಿ, ಎರಡನ್ನೂ ಒಂದೇ ಬಟ್ಟೆಯಲ್ಲಿ ಒರೆಸದಿದ್ದರೆ ಸರಿ. ಒರೆಸುವ ಮೊದಲು ಪ್ಲಗ್ ಕಿತ್ತಿರಬೇಕು. ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯೊಳಗೆ ಮನೆಯ 230 ವೋಲ್ಟ್ ಬಂದಿರುತ್ತದೆ. ಅದನ್ನು ಬಿಚ್ಚುವುದು ಬಲ್ಲವರ ಕೆಲಸ, ಮಕ್ಕಳೆದುರು ಅದರ ಪ್ರಯೋಗ ಬೇಡವೇ ಬೇಡ.

ಕೊಳ್ಳುವಾಗಲೇ ಅರ್ಧ ರಿಪೇರಿ ತಪ್ಪಿಸಬಹುದು. 2021ರ ಜನವರಿ 1ರಿಂದ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಬ್ಯಾಟರಿ ರೈಲು ಕೊಳ್ಳುವಾಗ ಆ ಗುರುತನ್ನು ನೋಡಲೇಬೇಕು. ನೋಂದಾಯಿತ ಕರಕುಶಲಿಗಳು ಮಾಡಿದ ವಸ್ತುಗಳಿಗೆ ಮತ್ತು ಭೌಗೋಳಿಕ ಸೂಚಿಕೆ ಪಡೆದ ಆಟಿಕೆಗಳಿಗೆ ಈ ನಿಯಮದಿಂದ ವಿನಾಯಿತಿ ಇದೆ. ಹಾಗಾಗಿ ಚನ್ನಪಟ್ಟಣದ ರೈಲನ್ನು ಕೈಯಲ್ಲೇ ಪರೀಕ್ಷಿಸಿ ಕೊಳ್ಳಬೇಕು: ಅಂಗಡಿಯಲ್ಲೇ ತಿರುವಿ ಹಾಕಿ ಪ್ರತಿ ಗಾಲಿಯನ್ನೂ ಚಿಮ್ಮಿ ನೋಡುವುದು, ಒಂದು ಮೊಳ ಎಳೆದು ಅದು ನೆಟ್ಟಗೆ ಬರುತ್ತದೆಯೇ ಗಮನಿಸುವುದು. ಒಂದು ಬದಿಗೆ ಎಳೆಯುವ ರೈಲಿನಲ್ಲಿ ಎರಡು ಅಚ್ಚಿನ ತೂತುಗಳು ಸಮಾನಾಂತರವಾಗಿಲ್ಲ, ಅದನ್ನು ಮನೆಯಲ್ಲಿ ಸರಿಮಾಡಲಾಗದು.

ಗೊಂಬೆ ಅಂಗಡಿಯವರಲ್ಲಿ, ಕಾರ್ಯಾಗಾರಗಳವರಲ್ಲಿ ಒಂದು ವಿನಂತಿ. ರೈಲಿನ ಜೊತೆಗೆ ಎರಡು ಹೆಚ್ಚುವರಿ ಅಚ್ಚು, ನಾಲ್ಕು ಗೂಟ, ಒಂದು ತುಂಡು ಮೇಣ ಇಟ್ಟು ಕೊಡಿ. ಅದನ್ನು ಬಳಸುವ ಬಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆದಿಡಿ. ದುಬಾರಿ ವಿದೇಶಿ ಮಾದರಿ ರೈಲಿಗೆ ಬಿಡಿಭಾಗ ಸಿಗುವುದೇ ಅದರ ದೊಡ್ಡ ಬಲ. ಕೈಯಲ್ಲಿ ಕಡೆದ ನಮ್ಮ ರೈಲಿಗೂ ಅದು ಸಿಗಬೇಕು. ಲೇತ್ ಮುಂದೆ ಕೂತವರಿಗೆ ಒಂದು ಅಚ್ಚು ಕಡೆಯುವುದು ಕೆಲವೇ ನಿಮಿಷದ ಕೆಲಸ.

ಶ್ರೋತೃಗಳೇ, ನಿಮ್ಮ ಮನೆಯ ಷೋಕೇಸಿನಲ್ಲಿ ಅಂಥ ಒಂದು ರೈಲು ಇದ್ದರೆ ಇವತ್ತೇ ಕೆಳಗಿಳಿಸಿ, ಅಂಗಾತ ಮಲಗಿಸಿ, ಗಾಲಿ ಚಿಮ್ಮಿ ನೋಡಿ. ಮನೆಯಲ್ಲಿ ಸರಿಹೋಗದಿದ್ದರೆ ಮುಂದಿನ ಸಲ ಮೈಸೂರಿನ ಕಡೆ ಹೊರಟಾಗ ಅದನ್ನು ಚೀಲದಲ್ಲಿ ಹಾಕಿಕೊಂಡು ಚನ್ನಪಟ್ಟಣದಲ್ಲಿ ಇಳಿಯಿರಿ. ಮುರಿದ ಅಚ್ಚನ್ನು ಎಸೆಯಬೇಡಿ, ಹೊಸದನ್ನು ಕಡೆಯಲು ಅಳತೆಗೆ ಅದೇ ಬೇಕು.